ಅವಳ ಪಕ್ಕದ ಖಾಲಿ ಜಾಗ

ಮಾನ್ಯ ವಿಭಾಗ ಮುಖ್ಯಸ್ಥರಿಗೆ ವಂದನೆಗಳು.

ಹಣಕಾಸು ವಿಷಯದಲ್ಲಿ ಪಿಎಚ್‌.ಡಿ.ಗೆ ಸೇರಿರುವ ನನ್ನ ವಿದ್ಯಾರ್ಥಿನಿಯ ಮೊದಲ ವರ್ಷದ ಪಾಠಗಳಿಂದ ತಾವು ಸಂಖ್ಯಾಶಾಸ್ತ್ರವನ್ನು ತೆಗೆದುಹಾಕಿದ್ದೀರಿ. ಗಾಳಿಸುದ್ದಿ ಕೇಳಿದೊಡನೆ ಜನ ಬ್ಯಾಂಕಿಗೆ ಏಕೆ ಓಡುತ್ತಾರೆಂಬ ಅವಳ ಪ್ರಶ್ನೆಯನ್ನೂ ಬದಿಗೆ ಸರಿಸಿ, "ನನ್ನ ಸಿದ್ಧಾಂತಕ್ಕೆ ಹೊಂದೋ ಅಂಕಿಅಂಶ ಹುಡುಕಿಕೊಡಮ್ಮ, ಸಾಕು" ಎಂದಿರಂತೆ. "ಹೊಂದದೇ ಇದ್ರೆ ಏನ್ಮಾಡ್ಲಿ, ಸರ್?" ಎಂದು ಕೇಳಿದ್ದಕ್ಕೆ ಅವಳನ್ನು ತಮ್ಮ ಕೋಣೆಯಿಂದ ಹೊರಗೆ ಕಳುಹಿಸಿದಿರಂತೆ. ತಾವು ಮುಖ್ಯಸ್ಥರಾದ ಮೇಲೆ ಆ ಕೋಣೆಯಲ್ಲಿ ಕೇಳಿಬಂದ ಏಕೈಕ ಸಂಶೋಧನಾ ಪ್ರಶ್ನೆ ಅದು.

ಅವಳ ಮಾರ್ಗದರ್ಶಕಿಯಾಗಿ, ತಾವು ತಿದ್ದಿದ ಅಧ್ಯಯನ ಯೋಜನೆಗೆ ನಾನು ಸಹಿ ಹಾಕಲಾರೆ. ಸೋಮವಾರದಿಂದ ಅವಳು ನನ್ನ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕೂರುತ್ತಾಳೆ. ಸಂಶೋಧನೆಯ ಪ್ರಶ್ನೆಯೂ ಅವಳದೇ ಆಗಿರುತ್ತದೆ. ಅವಳ ಪಕ್ಕದ ಜಾಗ ಖಾಲಿಯಿದೆ. ದಯವಿಟ್ಟು ತಾವೂ ಬನ್ನಿ. ಪಾಠವನ್ನು ಮೊದಲಿನಿಂದಲೇ ಶುರುಮಾಡುತ್ತೇನೆ.

ಇತಿ,
ಮಕ್ಕಳ ಮೇಲೆ ಇನ್ನೂ ಭರವಸೆಯಿಟ್ಟಿರುವ
ತಮ್ಮ ಸಹೋದ್ಯೋಗಿ