ಚಿಕ್ಕಪ್ಪನೂ ಕೆಲಸ ಬಿಟ್ಟರು

ಅಪ್ಪಾ,

ಚಿಕ್ಕಪ್ಪ ಇವತ್ತು ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದರು. ಇನ್ನು ಸಾಬೂನು ತಯಾರಿಸುತ್ತಾರಂತೆ. ಮನೆಮಂದಿಯೆಲ್ಲ "ಇದಕ್ಕೆ ಗಂಡೆದೆ ಬೇಕು ಬಿಡಿ" ಎಂದು ಹೊಗಳಿದ್ದೇ ಹೊಗಳಿದ್ದು.

ನನಗೆ ತಡೆಯಲಾಗಲಿಲ್ಲ. "ಅಪ್ಪ ಆಫೀಸು ಬಿಟ್ಟು ಕುರ್ಚಿ ರಿಪೇರಿಗೆ ಕೂತಾಗ ತಲೆ ಕೆಟ್ಟಿದೆ ಅಂದಿದ್ದು ನೀವೇ ಅಲ್ವಾ?" ಎಂದು ಕೇಳಿಯೇಬಿಟ್ಟೆ.

"ಶಾಲೆ ಅರ್ಧಕ್ಕೇ ಬಿಟ್ಟೋನು ಎಲ್ಲರಿಗೂ ಪಾಠ ಹೇಳ್ತಾನೆ" ಎಂದು ನನ್ನನ್ನು ಚುಚ್ಚಿದರು ಚಿಕ್ಕಮ್ಮ.

ಚಿಕ್ಕಪ್ಪ ಮಾತ್ರ, "ಆಗ ತಿಳೀಲಿಲ್ಲ ಕಣೋ. ಇವತ್ತು ಅಣ್ಣ ಇರ್ಬೇಕಿತ್ತು" ಎಂದು ತಲೆ ತಗ್ಗಿಸಿದರು.

ಜಗಳಕ್ಕೆಂದೇ ನಿಂತಿದ್ದ ನನಗೆ ಸಿಟ್ಟು ಇಳಿಸಲು ಜಾಗವೇ ಉಳಿಯಲಿಲ್ಲ. ಅವರಾದರೂ ಒಪ್ಪಿಕೊಂಡರು. ನಿನ್ನ ರಿಪೇರಿ ಅಂಗಡಿ ನನ್ನ ಶಾಲೆಯ ಗೆಳೆಯರ ಕಣ್ಣಿಗೆ ಬೀಳಬಾರದೆಂದು ನಾನು ದಿನಾ ಅವರನ್ನು ಹಿಂದಿನ ಬೀದಿಯಿಂದ ಶಾಲೆಗೆ ಕರೆದೊಯ್ಯುತ್ತಿದ್ದೆ. ಅದೇ ಹತ್ತಿರದ ದಾರಿ ಎಂದು ನಿನಗೂ ಹೇಳಿದ್ದೆ.