ದೀಪ ಹಚ್ಚಿದ ಮೇಲೆ ಹೆಪ್ಪು

ಡಿ. 9, ಸೋಮವಾರ

ಮತ್ತೆ ಸುರಪುರದಿಂದ ಬೋನಾಳದ ಬಸ್ಸು. ಮತ್ತೆ ಸೀಟಿಲ್ಲ. ನಮ್ಮ ಮಹಿಳಾ ಸಹಾಯ ಕೇಂದ್ರಕ್ಕೆ ಜೀಪು ಬರುತ್ತದಂತೆ. ಬರಲಿ, ಅಲ್ಲಿಯತನಕ ನಿಂತೇ ಹೋಗುತ್ತೇನೆ.

ಬೋನಾಳದ ಮಹಿಳಾ ಸಂಘದ ಹೆಂಗಸರಿಗೆ ಹೇಳಿಬಂದೆ: ಗಂಡ ಕೈಯೆತ್ತಿದರೆ ತಾಟು ಬಡಿಯಿರಿ, ಕೇಳಿದವರೆಲ್ಲ ಓಡಿ ಬನ್ನಿ. ಧರಣಿಗಳಲ್ಲಿ ತಾಟು ಬಡಿದೇ ಬೆಳೆದವಳು ನಾನು. ಇದಕ್ಕಿಂತ ದೊಡ್ಡ ಆಯುಧವಿಲ್ಲ ಅಂತ ಭಾಷಣ ಬಿಗಿದೆ. ಚಪ್ಪಾಳೆ!

ಪರಿಮಳಾ ಮಾತ್ರ ತಟ್ಟಲಿಲ್ಲ. ಬಲಗೈ ಸೆರಗಿನೊಳಗೆ. ಬಾವು ಕಂಡಿತು. ಕೇಳಿದೆ. "ಬಾವಿಕಟ್ಟಿ ಮ್ಯಾಲ ಜಾರಿ ಬಿದ್ದೆ" ಅಂದಳು. ಅವಳ ಅತ್ತೆ ಪಾರ್ವತೆಮ್ಮ ಅಡ್ಡ ಬಂದಳು: "ನಮ್ಮ ಮನಿ ಮಾತು ನಮ್ಮ ಮನ್ಯಾಗಿರಲಿ. ನೀ ನಿನ್ನ ಬಸ್ ಹಿಡಿ."

ಹಿಡಿದೆ. ಹಲ್ಲು ಕಡಿಯುತ್ತಾ.

ಡಿ. 12, ಗುರುವಾರ

ಫಜೀತಿ! ಬೆಳಿಗ್ಗೆ ಸಂಘದ ಅಧ್ಯಕ್ಷೆ ಸುಂದ್ರಮ್ಮನ ಫೋನು. ನಕ್ಕು ನಕ್ಕು ಮಾತೇ ಹೊರಡುತ್ತಿಲ್ಲ. ಹೊಲದ ಕಡೆ ತಾಟಿನ ಸದ್ದು ಕೇಳಿ ಹೆಂಗಸರೆಲ್ಲ ಒನಕೆ, ಕಸಬರಿಗೆ ಹಿಡಿದು ಓಡಿದ್ದಾರೆ. ನೋಡಿದರೆ — ಸಂಘದ ಬಸ್ಸಮ್ಮ ಜೋಳದ ಮೇಲಿನ ಹಕ್ಕಿ ಓಡಿಸುತ್ತಿದ್ದಳು! ಅಷ್ಟರಲ್ಲಿ, ಬುತ್ತಿ ಬಿಚ್ಚಿ ಕೂತಿದ್ದ ಅವಳ ಗಂಡ ಹಂಪಣ್ಣನ ಕೊರಳಪಟ್ಟಿ ಸುಂದ್ರಮ್ಮನ ಕೈಯಲ್ಲಿ.

"ನಾ ಏನ್ ಮಾಡೀನ್ರೆವ್ವಾ? ರೊಟ್ಟಿ ತಿನ್ನಾಕತ್ತೀನಿ!"

"ಹ್ವಾದ ವರ್ಷ ಹೊಡದಿದ್ದಿಲ್ಲೇನು? ಅದಕ್ಕ ಆತು ತಗೋ!"

ಬೋನಾಳ ಕೆರೆಯ ಊರು. ಪಕ್ಷಿಧಾಮ. ತೆನೆ ಹಾಲು ತುಂಬಿವೆ. ಹೊಲ ಹೊಲಕ್ಕೂ ತಾಟು, ಡಬ್ಬಿ. ಧರಣಿ ಕಂಡ ನನ್ನ ಕಣ್ಣಿಗೆ ಹೊಲ ಕಾಣಲಿಲ್ಲ. ಅವರಿಗೂ ಹೊಳೆಯಲಿಲ್ಲ. ಭಾಷಣದ ಅಮಲು...

ಡಿ. 14, ಶನಿವಾರ

ಸುಂದ್ರಮ್ಮನ ಕಟ್ಟೆಯ ಮೇಲೆ ಸಭೆ. ಸದ್ದಿಲ್ಲದ ಗುರುತು ಬೇಕು. ಸುಂದ್ರಮ್ಮನೇ ಹೇಳಿದಳು: "ದೀಪ ಹಚ್ಚಿದ ಮ್ಯಾಲ ಹೆಪ್ಪ ಕೇಳಾಕ ಬರಬೇಕು. ಆ ಹೊತ್ನ್ಯಾಗ ಯಾರೂ ಕೇಳಂಗಿಲ್ಲ, ಯಾರೂ ಕೊಡಂಗಿಲ್ಲ. ಕೇಳಿದ್ಲಂದ್ರ ಜೀವಕ್ಕ ಬಂದದ ಅಂತ ತಿಳೀಬೇಕು."

ಸಂಜೆ ಮೊಸರಿನ ಹೆಪ್ಪು ಹೊಸ್ತಿಲು ದಾಟಿದರೆ ಲಕ್ಷ್ಮಿಯೂ ದಾಟುತ್ತಾಳಂತೆ. ಕಂದಾಚಾರ! ಭಾಷಣ ಶುರುಮಾಡಿದೆ. ಸುಂದ್ರಮ್ಮ ತಡೆದಳು:

"ಭಾಷಣ ಆಮ್ಯಾಲ ಮಾಡ್ರಿ ಸಪ್ನಕ್ಕಾ. ಗಂಡಸರಿಗೆ ಹೆಪ್ಪಿನ ಸುದ್ದಿ ಎಲ್ಲಿ ಗೊತ್ತಾಗ್ತದ?"

ಬಾಯಿ ಮುಚ್ಚಿದೆ. ಕಂದಾಚಾರವೂ ನಮ್ಮ ಕೈಗೆ ಬಂದರೆ ಆಯುಧವೇ.

ಆಗ ಪರಿಮಳಾ ಬಾಯಿಬಿಟ್ಟಳು. "ಹಕ್ಕಿ ಹೊಡಿಯೋಕಿ ಸಲುವಾಗೇ ಇಷ್ಟ್ ಮಂದಿ ಓಡಿ ಹೋದ್ರಲ್ರಿ..." ಆಮೇಲೆ ಎಲ್ಲ ಹೇಳಿದಳು. ಗಂಡ ಹಣಮೇಶ. ಕುಡಿದು ಬಂದರೆ ಕೋಲು. "ತವರಿಗೆ ಹೋಗಂಗಿಲ್ರಿ. ನನ್ನ ಮನ್ಯಾಗೇ ಇರ್ತೀನಿ. ಹೊಡತ ಇಲ್ದಂಗ." ಅಷ್ಟೇ ಬೇಡಿಕೆ. ಕಾನೂನೂ ಅದನ್ನೇ ಹೇಳುತ್ತದೆ. ಕೋರ್ಟಿಗೆ ಅರ್ಜಿ ಹಾಕೋಣ ಅಂದೆ. ಹೂಂ ಅನ್ನಲಿಲ್ಲ. ಅತ್ತೆಯ ಕಡೆ ನೋಡಿದಳು. ಪಾರ್ವತೆಮ್ಮ ಪಕ್ಕದ ಕಟ್ಟೆಯಲ್ಲಿ, ನಮಗೆ ಬೆನ್ನು ಮಾಡಿ, ಜೋಳ ಹಸನು ಮಾಡುತ್ತಿದ್ದಳು. ಬೆನ್ನು ನಮ್ಮ ಕಡೆಗಿತ್ತು. ಕಿವಿ?

ಡಿ. 29, ಭಾನುವಾರ

ಗೆದ್ದರು! ನಾನಿಲ್ಲದೆಯೇ ಗೆದ್ದರು. ಸ್ವಲ್ಪ ಹೊಟ್ಟೆಕಿಚ್ಚು. ಬಹಳ ಖುಷಿ.

ನಿನ್ನೆ ದೀಪ ಹಚ್ಚಿದ ಮೇಲೆ ಸುಂದ್ರಮ್ಮನ ಬಾಗಿಲಿಗೆ ಬಟ್ಟಲು ಹಿಡಿದು ಬಂದವಳು ಯಾರು? ಪಾರ್ವತೆಮ್ಮ!

"ಹೆಪ್ಪ ಕೊಡ್ತೀ ಏನ್, ಸುಂದ್ರೀ?"

"ನೀನಾ?!"

"ಹ್ಞೂಂ, ನಾನೇ. ಮಗಾ ಕೋಲ್ ಹುಡುಕಾಕತ್ಯಾನ. ನನ್ನ ಮಾರಿ ಏನ್ ನೋಡ್ತೀ, ನಡಿ ಜಲ್ದಿ!"

ಕೋಲು ಸಿಗುವಷ್ಟರಲ್ಲಿ ಪಡಸಾಲೆ ತುಂಬ ಹೆಂಗಸರು. "ಇದೇನ್ ಸಂತಿ?" ಅಂತ ಹಣಮೇಶ. "ಹೆಪ್ಪಿನ ಸಂತಿ" ಅಂದಳಂತೆ ಬಸ್ಸಮ್ಮ. ಕೋಲು ಕಸಿದು ಒಲೆಗಿಟ್ಟರು. ಪಾರ್ವತೆಮ್ಮ ಬಾಗಿಲು ತೋರಿಸಿದಳು: "ಮನಿ ನನ್ನ ಹೆಸರಿಗದ. ಸೊಸಿ ಇಲ್ಲೇ ಇರ್ತಾಳ. ನೀ ನಡಿ."

ಹೋದ. ಸೈದಾಪುರದ ಫ್ಯಾಕ್ಟರಿಯಲ್ಲಿರುವ ಗೆಳೆಯನ ಕೋಣೆಗಂತೆ.

ಪರಿಮಳಾ ಫೋನಿನಲ್ಲಿ ಒಂದೇ ಮಾತು: "ಅರ್ಜಿ ಹಾಕ್ರಿ."

ಫೆ. 3, ಸೋಮವಾರ

ಇಷ್ಟು ದಿನ ಬರೆಯಲು ಪುರುಸೊತ್ತಿಲ್ಲ. ವಕೀಲರು, ಅಧಿಕಾರಿಗಳು, ಅಲೆದಾಟ. ಇಂದು ಕೋರ್ಟಿನ ಮಧ್ಯಂತರ ಆದೇಶ ಬಂತು — ಹಣಮೇಶ ಅವಳ ಮೇಲೆ ಕೈಮಾಡುವಂತಿಲ್ಲ, ಮನೆಯಿಂದ ಹೊರಹಾಕುವಂತಿಲ್ಲ. ಪರಿಮಳಾ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದಳು. ವಕೀಲರಿಗೂ.

ಪಾರ್ವತೆಮ್ಮ ಮುಟ್ಟಲಿಲ್ಲ. ನನ್ನನ್ನು ಪಕ್ಕಕ್ಕೆಳೆದಳು.

"ಸತ್ತವರ ಮ್ಯಾಲ ಅರ್ಜಿ ಬರೀತಾರೇನು?"

"ಯಾರ ಮ್ಯಾಲವ್ವಾ?"

"ನನ್ನ ಗಂಡನ ಮ್ಯಾಲ."

"ಕೋರ್ಟ್ ತಗೊಳ್ಳಂಗಿಲ್ಲ ಯವ್ವಾ."

"ಕೋರ್ಟ್ ಏನ್ ಮಾಡ್ತದ ತಗೊಂಡು? ನೀ ಬರಿ. ಇವತ್ತಿನತನಕ ಯಾರಿಗೂ ಹೇಳಿಲ್ಲ ನಾ."

ಈಗ ಅತ್ತೆ-ಸೊಸೆ ನನ್ನ ಮನೆಯಲ್ಲೇ. ಬಸ್ಸು ಹೋಗಲಿ ಬಿಡು ಅಂದರು. ಪರಿಮಳಾ ಚಹಾಕ್ಕಿಟ್ಟಿದ್ದಾಳೆ. ಪಾರ್ವತೆಮ್ಮ ಎದುರಿಗೆ ಕಾಲು ಚಾಚಿ ಕೂತಿದ್ದಾಳೆ. ಬೇರೆ ಕಾಗದ ಯಾಕೆ, ಇಲ್ಲೇ ಬರೆಯುತ್ತೇನೆ. ಮೊದಲು ಹೆಸರು ಹೇಳವ್ವಾ ಅಂದೆ. ನಾಚಿದಳು. ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ.

"ಮಲ್ಕಪ್ಪ" ಅಂದಳು, ಮೆಲ್ಲಗೆ.

ಸೊಸೆ ಕಿಸಕ್ಕನೆ ನಕ್ಕಳು. ಅತ್ತೆಗೂ ನಗು. ಕುಪ್ಪಸದ ತೋಳು ಏರಿಸಿಕೊಂಡಳು. ದನಿಯೂ ಏರಿತು —

"ಏ ಮಲ್ಕ್ಯಾ! ಕೇಳಿಲ್ಲಿ, ಇವತ್ತ ನಾ ನೀ ಹೊಡದಿದ್ದೆಲ್ಲಾ ಬರಸಾಕತ್ತೀನಿ!"