ಹದಿನೇಳನೇ ಎಕ್ಸ್-ರೇ

ಜೂನ್ 3, ಮಂಗಳವಾರ

ಒಪಿಡಿಯಲ್ಲಿ ಮೂವತ್ತೊಂದು ಮಕ್ಕಳು. ಎರಡು ಪ್ಲಾಸ್ಟರ್ ಬಿಚ್ಚಿದೆ. ಒಬ್ಬಳು ಕಟರ್ ಸದ್ದಿಗೆ ಅತ್ತು, ನನ್ನ ಕೋಟಿಗೇ ಮೂಗು ಒರೆಸಿದಳು. ಇದೆಲ್ಲ ಮಾಮೂಲು.

ಮಾಮೂಲಲ್ಲದ್ದು— ಸ್ಕ್ರೂ ಡಾಕ್ಟರ ಪೇಪರ್ ದೊಡ್ಡ ಕಾನ್ಫರೆನ್ಸಿಗೆ ಆಯ್ಕೆಯಾಗಿದೆ. ನರ್ಸುಗಳು ಇಟ್ಟ ಹೆಸರು ಅದು. ಆರು ವರ್ಷದ ಹಿಂದೆ ಆಪರೇಷನ್ ಟೇಬಲ್ಲಿನಲ್ಲಿ ನನ್ನ ಎದುರು ಗಾಯ ಅಗಲಿಸಿ ಹಿಡಿದು ನಿಲ್ಲುತ್ತಿದ್ದ ಹುಡುಗ. ಸ್ನಾಯು ಬಿಗಿದ ಮಕ್ಕಳಲ್ಲಿ ತೊಡೆಮೂಳೆಯ ಚೆಂಡು ಸೊಂಟದ ಬಟ್ಟಲಿನಿಂದ ಮೆಲ್ಲಗೆ ಹೊರಜಾರುತ್ತದೆ. ಅದಕ್ಕೆ ನಾನು ಮೂಳೆ ಕತ್ತರಿಸಿ, ತಿರುಗಿಸಿ, ಪ್ಲೇಟ್ ಹಾಕುತ್ತೇನೆ. ಮೂರು ಗಂಟೆ, ಆಮೇಲೆ ಆರು ವಾರ ಪ್ಲಾಸ್ಟರ್. ಇವನು ಮೂಳೆ ಬೆಳೆಯುವ ಪದರಕ್ಕೆ ಒಂದೇ ಒಂದು ಸ್ಕ್ರೂ ಹಾಕುತ್ತಾನೆ. ಇಪ್ಪತ್ತು ನಿಮಿಷ. ಬೆಳೆಯುತ್ತ ಬೆಳೆಯುತ್ತ ಚೆಂಡು ತಾನೇ ದಾರಿಗೆ ಬರುತ್ತದಂತೆ.

ಹತ್ತೊಂಬತ್ತು ವರ್ಷ ಕೈ ಪಳಗಿಸಿಕೊಂಡದ್ದು ಒಂದು ಸ್ಕ್ರೂಗೆ ಸಮವಾಯಿತೇ? ಎಲ್ಲರೆದುರು ಅವನ ಕೈಕುಲುಕಿದೆ. ನಕ್ಕೆ ಕೂಡ.

ಜೂನ್ 5, ಗುರುವಾರ

ಸ್ಕ್ರೂ ಡಾಕ್ಟರ್ ಬಂದ. "ಮೇಡಂ, ಎರಡನೇ ಅಳತೆ ನೀವೇ ಮಾಡ್ಬೇಕು. ನಿಮ್ಮ ಕಣ್ಣಿದ್ರೆ ನನಗೆ ಬೇರೆ ಯಾರೂ ಬೇಡ."

ಸ್ಕ್ರೂ ಹಾಕಿದ ಇಪ್ಪತ್ತೆರಡು ಮಕ್ಕಳ ಎಕ್ಸ್-ರೇ. ಹೆಸರಿಲ್ಲ, ನಂಬರ್ ಮಾತ್ರ. ಚೆಂಡು ನೂರಕ್ಕೆ ಎಷ್ಟು ಭಾಗ ಹೊರಗಿದೆ ಎಂದು ಅವನೂ ಅಳೆಯಬೇಕು, ನಾನೂ ಅಳೆಯಬೇಕು. ಎರಡು ವಾರ ಬಿಟ್ಟು, ಹಳೆಯ ಅಂಕಿ ನೋಡದೆ, ಮತ್ತೊಮ್ಮೆ. ಇಬ್ಬರಲ್ಲಿ ಯಾರ ಅಳತೆ ನಲವತ್ತು ದಾಟಿದರೂ ಆ ಮಗುವಿಗೆ ದೊಡ್ಡ ಆಪರೇಷನ್. ಅಂದರೆ ನನ್ನ ಟೇಬಲ್ಲಿಗೆ.

ಮನೆಯಲ್ಲಿ ಹೇಳಿದೆ. ನಮ್ಮನೆಯವರು, "ಅವನ ಸುದ್ದಿ ಬಂದಾಗೆಲ್ಲ ಪಾತ್ರೆ ಯಾಕೆ ಹಂಗೆ ಕುಕ್ತೀಯಾ?" ಎಂದರು. ಕುಕ್ಕಲಿಲ್ಲ. ಕೈ ಜಾರಿತು.

ಜೂನ್ 7, ಶನಿವಾರ, ಮಧ್ಯಾಹ್ನ

ಇಪ್ಪತ್ತೆರಡೂ ಮುಗಿಸಿದೆ. ಕೆಲವು ಫಿಲ್ಮಿನಲ್ಲಿ ಬಟ್ಟಲಿನ ಅಂಚು ಎರಡು ಕಡೆ ಮುಗಿದಂತೆ ಕಾಣುತ್ತದೆ. ಹೊರಗಿನ ಚುಕ್ಕಿಯಿಂದ ಗೆರೆ ಎಳೆದರೆ ಅಂಕಿ ಕಡಿಮೆ, ಒಳಗಿನದರಿಂದ ಎಳೆದರೆ ಹೆಚ್ಚು. ಅನುಮಾನ ಬಂದರೆ ಹೊರಗಿನದು— ನಮ್ಮ ವಿಭಾಗದ ರೂಢಿ, ನಾನೇ ಶುರುಮಾಡಿದ್ದು.

ಇವತ್ತು ಯಾಕೋ ಒಳಗಿನದೇ ಸರಿ ಎನಿಸಿತು. ಪಕ್ಕದ ಕೋಣೆಯಲ್ಲಿ ಅವನು ವಿಭಾಗದ ಮುಖ್ಯಸ್ಥರ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದ. ಅವರು ನನಗೆ ಒಂದು ದಿನವೂ ಹಾಗೆ ಚಪ್ಪಾಳೆ ತಟ್ಟಿದವರಲ್ಲ. ಹದಿನೇಳನೇ ನಂಬರ್— 43. ನಲವತ್ತು ದಾಟಿದ್ದು ಅದೊಂದೇ.

ಜೂನ್ 10, ಮಂಗಳವಾರ

"ಹದಿನೇಳು ನನಗೆ ಮೂವತ್ತೇಳು ಬಂತು ಮೇಡಂ. ನಿಮ್ಮದು ನಲವತ್ಮೂರು."

"ಇನ್ನೊಂದ್ಸಲ ನೋಡ್ಕೋ."

"ನೋಡೋದೇನಿದೆ? ನೀವು ಹೇಳಿದ್ಮೇಲೆ ಮುಗೀತು. ನನ್ನ ಪೇಷಂಟ್ ಅಂತ ನಾನೇ ಕಡಿಮೆ ಹಿಡಿದಿರ್ಬೇಕು."

ಅವನ ಮುಖ ಸಪ್ಪಗಾಯಿತು. ನನಗೆ ಖುಷಿಯಾಯಿತು. ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ— ಖುಷಿಯಾಯಿತು. ಒಂದು ವಾರದಲ್ಲಿ ಮೊದಲ ಸಲ ಊಟ ರುಚಿಸಿತು.

ಜೂನ್ 20, ಶುಕ್ರವಾರ

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ಇವತ್ತು ಹದಿನೇಳು ಬಂದಳು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ. ತಾಯಿ ಟೈಲರ್, ಬೆರಳಿಗೆಲ್ಲ ಸೂಜಿ ಚುಚ್ಚಿದ ಗುರುತು. "ಆಂಟಿ, ನಿಂತು ತೋರಿಸ್ಲಾ?" ಎಂದು ಗೋಡೆ ಹಿಡಿದು ನಿಂತಳು. ಹನ್ನೊಂದರವರೆಗೆ ಎಣಿಸಿದಳು, ನಡುವೆ ಎಂಟನ್ನು ಹಾರಿಸಿ. ನಿಲ್ಲಲು ಕಲಿತು ಎರಡು ತಿಂಗಳಾಯಿತಂತೆ.

"ಇನ್ನು ದೊಡ್ಡ ಆಪರೇಷನ್ ಬೇಡ ಅಂದ್ಕೊಂಡಿದ್ವಿ ಡಾಕ್ಟ್ರೇ," ಎಂದಳು ತಾಯಿ. "ನೀವೇ ಮಾಡ್ತೀರಲ್ಲ, ಅದೊಂದೇ ಧೈರ್ಯ. ಪ್ಲಾಸ್ಟರ್ ಬಿಚ್ಚಿದ್ಮೇಲೆ ಮತ್ತೆ ನಿಲ್ತಾಳಲ್ವಾ?"

ನಿಲ್ತಾಳೆ ಎಂದೆ. ಸಹಿ ಹಾಕಿಸಿಕೊಂಡೆ. ಸೋಮವಾರ ಮೊದಲ ಕೇಸ್.

ಜೂನ್ 22, ಭಾನುವಾರ, ಬೆಳಿಗ್ಗೆ 11

ಎರಡನೇ ಸುತ್ತಿನ ಅಳತೆ. ವಿಭಾಗ ಖಾಲಿ. ಯಾರ ಚಪ್ಪಾಳೆಯೂ ಕೇಳಿಸುವುದಿಲ್ಲ.

ಹದಿನೇಳು— 36. ಮತ್ತೆ ಎಳೆದೆ. 36.

ಹಳೆಯ ಹಾಳೆ ತೆಗೆದು ಪಕ್ಕದಲ್ಲಿಟ್ಟೆ. ಅಂಚು ಅನುಮಾನವಿದ್ದ ಫಿಲ್ಮು ಹದಿಮೂರು. ಹದಿಮೂರರಲ್ಲೂ ಮೊದಲ ಅಂಕಿಯೇ ಹೆಚ್ಚು. ಕಣ್ಣು ತಪ್ಪಿದ್ದರೆ ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾಗಬೇಕಿತ್ತು. ಇಲ್ಲಿ ಎಲ್ಲವೂ ಒಂದೇ ಕಡೆಗೆ ವಾಲಿವೆ. ಅವನ ವಿರುದ್ಧದ ಕಡೆಗೆ.

ಎರಡು ಸಲ ಫೋನ್ ಎತ್ತಿ ಇಟ್ಟೆ. ಸುಮ್ಮನಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಆಪರೇಷನ್ ಚೆನ್ನಾಗಿಯೇ ಮಾಡುತ್ತೇನೆ, ಚೆಂಡು ಬಟ್ಟಲಿನಲ್ಲಿ ಭದ್ರವಾಗಿ ಕೂರುತ್ತದೆ, ಆ ತಾಯಿ ನನಗೇ ಕೈಮುಗಿಯುತ್ತಾಳೆ.

ಜೂನ್ 23, ಸೋಮವಾರ, ಬೆಳಿಗ್ಗೆ 7.20

ಥಿಯೇಟರ್ ಪಕ್ಕದ ಕೋಣೆ. ಮಗು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದೆ. ಕೇಸ್ ರದ್ದು ಮಾಡಿದೆ.

ಸಿಸ್ಟರ್ ಫಾರ್ಮ್ ಹಿಡಿದು ಬಂದರು. "ಕಾರಣ ಏನಂತ ಬರೀಲಿ ಮೇಡಂ? ಜ್ವರ ಅಂತ ಹಾಕ್ಲಾ? ಸುಮ್ನೆ ಯಾರೂ ಕೇಳಲ್ಲ."

ಎಷ್ಟು ಸುಲಭ. ಹೂಂ ಎನ್ನಲು ಬಾಯಿ ತೆರೆದೇ ಬಿಟ್ಟಿದ್ದೆ.

"ಅದನ್ನ ಖಾಲಿ ಬಿಡಿ. ನಾನೇ ಬರೀತೀನಿ. ಸ್ಕ್ರೂ ಡಾಕ್ಟರನ್ನ ಕರೀರಿ."

ಅವನಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ಇಲ್ಲದಿದ್ದರೆ ಮಾತು ತಿರುಚಿಬಿಡುತ್ತೇನೆ. ನಿನ್ನ ಅಳತೆ ಸರಿ ಇತ್ತು. ನನ್ನ ಕಣ್ಣಿಗೂ ಏನೂ ಆಗಿರಲಿಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಈ ಮಗುವಿನ ಮೂಳೆ ಕತ್ತರಿಸಲು ಹೊರಟಿದ್ದೆ.

ಇಷ್ಟೇ. ಅವನೊಬ್ಬನೇ ತಾನೆ, ಹೇಗೋ ಹೇಳಿಬಿಡಬಹುದು.

ಬಾಗಿಲು ತಟ್ಟಿದ. "ಮೇಡಂ, ಇವರೂ ಗಾಬರಿ ಆಗಿದ್ರು, ಅದಕ್ಕೆ ಕರ್ಕೊಂಡೇ ಬಂದೆ." ಅವನ ಹಿಂದೆ ಆ ತಾಯಿ, ಸೊಂಟದ ಮೇಲೆ ಮಗು. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಬರೆದದ್ದನ್ನು ಹಾಗೇ ಓದಿ ಹೇಳುತ್ತೇನೆ.